ಮೀಟರ್ ಮಾವ ಕಂಡ ಅಡುಗೆಮನೆಗಳು

ಮೀಟರ್ ಮಾವನ ಹೆಂಡತಿಗೆ ಅಡುಗೆ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ಮನುಷ್ಯನ ಬಾಳೆಲ್ಲ ಈ ಒಂದು ಕೊರತೆಯ ಸುತ್ತಲೇ ಬೆಳೆದದ್ದು. ಆಕೆ ಮಾಡಿದ ಅನ್ನ ಒಂದು ದಿನ ಗೋಡೆಗೆ ಕಾಗದ ಅಂಟಿಸಲು ಬರುತ್ತಿತ್ತು, ಮರುದಿನ ಕಾಗೆ ಓಡಿಸಲು ಬರುತ್ತಿತ್ತು. ಮೀನು ಹುರಿದಳೆಂದರೆ ಆ ಮೀನು ಎರಡನೇ ಸಲ ಸತ್ತಂತೆ. ಹೊಲಿಗೆಯಲ್ಲಿ ಮಾತ್ರ ಆಕೆ ಎತ್ತಿದ ಕೈ. ಮನೆಯ ಮುಂಗೋಣೆಯಲ್ಲಿ ಎರಡು ಮಿಷನ್ ಇಟ್ಟುಕೊಂಡು ಹೋಟೆಲು ಮಾಣಿಗಳ ಕೋಟಿನಿಂದ ಹಿಡಿದು ಹಡಗಿನ ಪರದೆಯ ತನಕ ಎಲ್ಲವನ್ನೂ ಹೊಲಿಯುತ್ತಿದ್ದಳು. ಅವಳು ಹಾಕಿದ ಹೊಲಿಗೆ ಬಟ್ಟೆ ಹರಿದರೂ ಬಿಡುತ್ತಿರಲಿಲ್ಲ.

ಮಾವ ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿದ್ದು ಮದುವೆಯಾದ ವರ್ಷವೇ. ದೇವರು ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಡುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬಂದರಿನ ಮೇಲಣ ಓಣಿಗಳಲ್ಲಿ ಮನೆಗಳೆಲ್ಲ ಹಳೆಯವು, ಮೆಟ್ಟಿಲ ಮೇಲೆ ಮೆಟ್ಟಿಲಾಗಿ ಗುಡ್ಡಕ್ಕೆ ಅಂಟಿಕೊಂಡಂಥವು. ಯಾವ ಪುಣ್ಯಾತ್ಮ ಹಾಗೆ ಮಾಡಿದನೋ, ಅಷ್ಟೂ ಮನೆಗಳ ಮೀಟರು ಇದ್ದದ್ದು ಅಡುಗೆಮನೆಯಲ್ಲಿ, ಬಾಗಿಲ ಹಿಂದೆ ಅಥವಾ ಒಲೆಯ ಪಕ್ಕದ ಗೋಡೆಯಲ್ಲಿ. ಮಾವ ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಉದ್ದನೆಯ ಪುಸ್ತಕ ಇಟ್ಟುಕೊಂಡು ಬಾಗಿಲಲ್ಲಿ ನಿಂತು "ಮೀಟರ್" ಎಂದು ಕೂಗಿದರೆ ಒಳಗಿನಿಂದ ಬಾ ಎಂಬ ದನಿ ಬರುತ್ತಿತ್ತು. ಅದರ ಜೊತೆಗೇ ವಾಸನೆಯೂ ಬರುತ್ತಿತ್ತು.

ಮೊದಲ ವರ್ಷ ಆತ ಮನೆಗಳನ್ನು ನಂಬರಿನ ಪ್ರಕಾರ ಸುತ್ತಿದ. ಎರಡನೇ ವರ್ಷ ಬುದ್ಧಿ ಬಂತು. ಯಾರ ಮನೆಯಲ್ಲಿ ಎಷ್ಟು ಹೊತ್ತಿಗೆ ಪಾತ್ರೆ ಇಳಿಯುತ್ತದೆ, ಯಾರು ಕೈ ಬಿಚ್ಚಿ ಬಡಿಸುತ್ತಾರೆ, ಯಾರು ಕಾಫಿ ಕೊಟ್ಟು ಕಳಿಸಿಬಿಡುತ್ತಾರೆ ಎಂದು ತಿಳಿದುಕೊಂಡು ತನ್ನ ದಾರಿಯನ್ನೇ ತಿರುಗಿಸಿದ. ಹತ್ತೂವರೆಗೆ ಒಣ ಮನೆಗಳು, ಹನ್ನೆರಡೂವರೆಗೆ ಒಳ್ಳೆಯ ಮನೆಗಳು. ಕಚೇರಿಯ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಕೊಳ್ಳುತ್ತಿದ್ದ. ಮೇಲಧಿಕಾರಿ ಅದನ್ನು ನೋಡಿ ಇದೇನು ಎಂದು ಕೇಳಿದ್ದಕ್ಕೆ ವೈರಿಂಗ್ ಹಳತಾದ ಮನೆಗಳು ಸಾರ್ ಎಂದು ಹೇಳಿ, ಕೆಲಸದಲ್ಲಿ ಶ್ರದ್ಧೆ ಇದೆಯೆಂದು ಹೊಗಳಿಸಿಕೊಂಡ.

ಹೀಗೆ ಮೂವತ್ತನಾಲ್ಕು ವರ್ಷ ಊರಿನ ಅನ್ನ ತಿಂದ. ಸಂಜೆ ಮನೆಗೆ ಬಂದು ಹೆಂಡತಿ ಬಡಿಸಿದ್ದನ್ನು ಎರಡು ತುತ್ತು ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಕಣೇ ಎನ್ನುತ್ತಿದ್ದ. ಹೊಟ್ಟೆ ತುಂಬಿದವನಿಗೆ ಧಾರಾಳತನ ಸುಲಭ.

ನಿವೃತ್ತಿಯಾಗುವ ಹೊತ್ತಿಗೆ ಕಚೇರಿಯವರು ಹೊಸ ಮೀಟರುಗಳನ್ನು ತಂದು ಮನೆಗಳ ಹೊರಗೋಡೆಗೆ ಹೊಡೆದರು. ಅವನ್ನು ಓದಲು ಯಾರೂ ಬರಬೇಕಿರಲಿಲ್ಲ, ಲೆಕ್ಕ ಗಾಳಿಯಲ್ಲೇ ಕಚೇರಿಗೆ ಹೋಗುತ್ತಿತ್ತು. ಮಾವನ ಹೊಟ್ಟೆ ಮಾತ್ರ ಗಾಳಿಯಲ್ಲಿ ತುಂಬಲಿಲ್ಲ. ಮೂರು ಹೊತ್ತೂ ಮನೆಯ ಊಟ ಎಂದರೇನು ಎಂದು ಅರವತ್ತನೇ ವಯಸ್ಸಿನಲ್ಲಿ ಅವನಿಗೆ ತಿಳಿಯಿತು. ಮೂರು ವರ್ಷದಲ್ಲಿ ಹೆಂಡತಿ ಅವನ ಪ್ಯಾಂಟಿನ ಸೊಂಟವನ್ನು ಎರಡು ಸಲ ಹಿಡಿದು ಹೊಲಿದಳು. ಮೂರನೇ ಸಲಕ್ಕೆ ಬಟ್ಟೆ ಇದೆ, ಒಳಗೆ ಮನುಷ್ಯ ಇಲ್ಲ ಎಂದು ಗೊಣಗಿ, ಡಾಕ್ಟರಿಗೆ ತೋರಿಸಿ ಎಂದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲ, ಮನೆಯ ಊಟ ಚೆನ್ನಾಗಿ ಮಾಡಿ ಎಂದು ಬರೆದುಕೊಟ್ಟರು.

ಆ ಕಾಲಕ್ಕೇ ಬಂದರಿಗೆ ದೊಡ್ಡ ಪ್ರವಾಸಿ ಹಡಗು ಬರತೊಡಗಿತು. ವಾರಕ್ಕೊಂದು ದಿನ, ಮಧ್ಯಾಹ್ನ ನಾಲ್ಕಕ್ಕೆ ಬಂದರಿನ ಕಟ್ಟೆಗೆ ತಾಗಿ ರಾತ್ರಿ ಒಂಬತ್ತಕ್ಕೆ ಬಿಡುತ್ತಿತ್ತು. ಇಳಿದವರ ಕೈಗೆ ಬಂದರು ಕಚೇರಿಯವರು ಒಂದು ಹಾಳೆ ಕೊಡುತ್ತಿದ್ದರು: ಎಲ್ಲಿ ಉಣ್ಣಬೇಕು, ಎಲ್ಲಿ ಅಡ್ಡಾಡಬೇಕು. ಅದನ್ನು ಬರೆದ ಗುಮಾಸ್ತ ಬುತ್ತಿ ಕಟ್ಟಿಕೊಂಡು ಬರುವ ಮನುಷ್ಯ, ಮೆಟ್ಟಿಲು ಕಂಡರೆ ಏದುಸಿರು ಬಿಡುವವನು. ಹಾಗಾಗಿ ಹಾಳೆಯಲ್ಲಿದ್ದ ಊಟದ ಜಾಗಗಳೆಲ್ಲ ಅವನ ಕಿಟಕಿಗೆ ಕಾಣುವಂಥವು, ಅಡ್ಡಾಡುವ ಜಾಗವೋ ಅವನ ಬಸ್ಸು ನಿಲ್ಲುವ ಕಡೆ. ಹಡಗಿನವರು ಕಟ್ಟೆಯ ಸಾಲಿನ ಹೋಟೆಲುಗಳಲ್ಲಿ ನಿನ್ನೆಯ ಎಣ್ಣೆಯಲ್ಲಿ ಕರಿದದ್ದನ್ನು ತಿಂದು, ನಿಂತುಹೋದ ಗಡಿಯಾರದ ಕಂಬದ ಕೆಳಗೆ ಫೋಟೋ ಹೊಡೆಸಿಕೊಂಡು ಹಿಂದಿರುಗುತ್ತಿದ್ದರು.

ಮಾವ ಬಂದರಿನ ಗೇಟಿನ ಎದುರು ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಒಂದು ಸಂಜೆ ವಯಸ್ಸಾದ ಗಂಡಹೆಂಡತಿ ಹಾಳೆ ಹಿಡಿದು ಅವನ ಹತ್ತಿರ ಬಂದರು. ಇದರಲ್ಲಿ ಯಾವ ಹೋಟೆಲು ಒಳ್ಳೆಯದು ಎಂದು ಕೇಳಿದರು. ಯಾವುದೂ ಅಲ್ಲ ಎಂದ. ಹಾಗಾದರೆ ನೀವೆಲ್ಲಿ ಊಟ ಮಾಡುತ್ತೀರಿ ಎಂದು ಆ ಹೆಂಗಸು ಕೇಳಿದಳು. ಮಾವನಿಗೆ ದುಃಖ ಉಕ್ಕಿಬಂತು. ಎದ್ದು, ಬನ್ನಿ ಎಂದು ಕೈ ಮಾಡಿ ಮೆಟ್ಟಿಲು ಹತ್ತಿದ.

ಹಗ್ಗ ಹೊಸೆಯುವವರ ಮನೆಯ ಬಾಗಿಲ ಮುಂದೆ ನಿಂತಾಗ ಬಾಯಿ ತಾನಾಗಿ "ಮೀಟರ್" ಎಂದು ಕೂಗಿತು. ಒಳಗೆ ಪಾತ್ರೆಯ ಸದ್ದು ನಿಂತಿತು. ಹಗ್ಗದ ಮನೆಯ ಅಜ್ಜಿ ಬಾಗಿಲು ತೆರೆದು ಇವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿ ಸತ್ತಿದ್ಯೋ ಇಷ್ಟು ದಿನ? ಒಳಗೆ ಬಾ. ಇವರ್ಯಾರು, ಹೊಸ ಮೀಟರಾ?"

ಆ ಗಂಡಹೆಂಡತಿ ಅಡುಗೆಮನೆಯ ಮಣೆಯ ಮೇಲೆ ಕೂತು, ಈರುಳ್ಳಿ ಹಾಕಿ ಬೇಯಿಸಿದ ಮೀನು, ಬಿಸಿ ಅನ್ನ ಉಂಡು, ಕೈ ತೊಳೆಯಲು ಮರೆತು ಅಜ್ಜಿಯ ಕೈ ಹಿಡಿದುಕೊಂಡರು. ದುಡ್ಡು ಕೊಡಲು ಹೋದರೆ ಅಜ್ಜಿ ಮೊದಲು ಬೈದು ಆಮೇಲೆ ತೆಗೆದುಕೊಂಡಳು. ಮಾವ ತನ್ನ ಪಾಲಿಗೆ ಎರಡು ತಟ್ಟೆ ಉಂಡ.

ಮುಂದಿನ ವಾರ ಆ ದಂಪತಿ ಹೇಳಿಕಳಿಸಿದ ಆರು ಮಂದಿ ಬಂದರು. ಅದರ ಮುಂದಿನ ವಾರ ಹದಿನಾಲ್ಕು. ಒಂದು ಮನೆಯಲ್ಲಿ ಸೂಪು, ಇನ್ನೊಂದರಲ್ಲಿ ಮೀನು, ಮತ್ತೊಂದರಲ್ಲಿ ಸಿಹಿ ಎಂದು ಮಾವ ಓಣಿಗಳನ್ನೇ ಒಂದು ಊಟದ ಮೇಜಾಗಿ ಮಾಡಿದ. ಕೂಲಿ ಬೇಡ ಎಂದ, ಪ್ರತಿ ಮನೆಯಲ್ಲೂ ಒಂದು ತಟ್ಟೆ ಸಾಕು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವಾಗ ದಾರಿಯಲ್ಲಿ ಏನಾದರೂ ಹೇಳಬೇಕಲ್ಲ. ಆ ಊರಿಗೆ ಇತಿಹಾಸ ಎಂಬುದು ಹೆಚ್ಚೇನೂ ಇರಲಿಲ್ಲ, ಇದ್ದದ್ದೂ ಮಾವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಯೂನಿಟ್ಟು, ಯಾರ ಮನೆಯಲ್ಲಿ ಯಾವುದಕ್ಕೆ ಎಷ್ಟು ಕರೆಂಟು ಉರಿಯುತ್ತದೆ ಎಂಬುದು. ಹಲ್ಲಿನ ಡಾಕ್ಟರ ಮನೆಯ ಮುಂದೆ ನಿಂತು, ಇವರು ಊರಿಗೆಲ್ಲ ಸಿಹಿ ಬಿಡಿ ಎಂದು ಬುದ್ಧಿ ಹೇಳುತ್ತಾರೆ, ಐಸ್‌ಕ್ರೀಮಿಗೇ ಬೇರೆ ಫ್ರಿಜ್ಜು ಇಟ್ಟಿದ್ದಾರೆ ಎಂದ. ಸಂಗೀತದ ಮೇಷ್ಟ್ರ ಮನೆ ತೋರಿಸಿ, ಬೆಳಗಿನ ನಾಲ್ಕಕ್ಕೆ ಎದ್ದು ಅಭ್ಯಾಸ ಮಾಡುತ್ತಾರೆಂದು ಹೆಸರು, ಹಾಡುವುದು ಟೇಪು, ಮೇಷ್ಟ್ರು ಮಲಗಿರುತ್ತಾರೆ ಎಂದ. ಹಡಗಿನವರಲ್ಲಿ ಅರ್ಧ ಜನ ಮಾವನ ಭಾಷೆಯವರೇ, ಉಳಿದವರಿಗೆ ಅವರು ತಿಳಿಸಿ ಹೇಳುವರು. ಹಾಗಾಗಿ ಓಣಿಯಲ್ಲಿ ಪ್ರತಿ ಗುಟ್ಟಿಗೂ ಎರಡು ಸಲ ನಗು ಏಳುತ್ತಿತ್ತು. ಎಲುಬಿಲ್ಲದ ನಾಲಿಗೆಗೆ ಕೇಳುವ ಕಿವಿ ಸಿಕ್ಕರೆ ಮುಗಿಯಿತು. ಕಿಟಕಿಗಳು ಪಟಪಟನೆ ಮುಚ್ಚತೊಡಗಿದರೂ ಅವನಿಗೆ ಅದು ಗಾಳಿಯಂತೆ ಕಂಡಿತು.

ದೂರು ಅವನ ತನಕ ಬರಲಿಲ್ಲ, ಅವನ ಹೆಂಡತಿಯ ಹೊಲಿಗೆ ಮಿಷನ್ನಿನ ತನಕ ಬಂತು. ಅಳತೆ ಕೊಡಲು ಬಂದ ಹಲ್ಲಿನ ಡಾಕ್ಟರ ಹೆಂಡತಿ ಕೈ ಚಾಚಿ ನಿಂತುಕೊಂಡೇ ಅರ್ಧ ಗಂಟೆ ಅತ್ತಳು. ಮೇಷ್ಟ್ರು ಕೊಟ್ಟಿದ್ದ ಕೋಟನ್ನು ಅರ್ಧ ಹೊಲಿಗೆಯಲ್ಲೇ ವಾಪಸು ಒಯ್ದರು. ಮಾವನ ಹೆಂಡತಿ ಮುಂದಿನ ಹಡಗಿನ ದಿನ ಮಿಷನ್ನಿಗೆ ಬಟ್ಟೆ ಮುಚ್ಚಿ, ತಲೆಗೆ ಸ್ಕಾರ್ಫು ಕಟ್ಟಿ, ಕಪ್ಪು ಕನ್ನಡಕ ಹಾಕಿಕೊಂಡು ಹಡಗಿನವರ ಗುಂಪಿನ ಹಿಂದೆ ಸೇರಿಕೊಂಡಳು. ಮೂವತ್ತೆಂಟು ವರ್ಷ ಜೊತೆಗೆ ಬಾಳಿದ ಗಂಡನಿಗೆ ಗುರುತು ಸಿಗಲಿಲ್ಲ. ಅವನ ಕಣ್ಣು ಮುಂದಿನ ತಟ್ಟೆಯ ಮೇಲಿತ್ತು.

ಆ ಸಂಜೆ ಕೊನೆಯ ಮನೆ ಬೇಕರಿ ಅಕ್ಕನದು. ಅಕ್ಕನಿಗೂ ಅರವತ್ತು ದಾಟಿತ್ತು. ಅವಳ ಹಿತ್ತಲಿನ ಒಲೆಯಲ್ಲಿ ಬ್ರೆಡ್ಡು ಬೇಯುತ್ತಿತ್ತು, ಪಕ್ಕದ ಪಾತ್ರೆಯಲ್ಲಿ ಕುಂಬಳಕಾಯಿ ಸೂಪು. ಮಾವ ಕೂಗುವ ಮೊದಲೇ ಅವಳು ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು. ಹಿಂದಿನ ವಾರ ಅವಳ ತಮ್ಮನ ವಿಷಯ ಏನೋ ಹೇಳಿದ್ದ, ಅದು ಅವಳಿಗೆ ಮುಟ್ಟಿತ್ತು.

ಅವಳು ಇವನನ್ನು ಬಿಟ್ಟು ಹಡಗಿನವರ ಕಡೆ ತಿರುಗಿ, ಇವನು ಎಲ್ಲರ ಮನೆಯ ದೋಸೆ ತೂತು ಎಣಿಸಿದ್ದಾನಲ್ಲ, ತನ್ನ ಮನೆಯ ಕಾವಲಿಯ ವಿಷಯ ಹೇಳಿದನಾ ಎಂದು ಕೇಳಿದಳು. ಇಲ್ಲವೆಂದು ಎಲ್ಲರೂ ತಲೆಯಾಡಿಸಿದರು.

"ಎರಡು ತಿಂಗಳಿಗೊಂದು ಸಲ ಮೀಟರ್ ಓದ್ಬೇಕು ಅಂತ ರೂಲು. ನಮ್ಮನೇದನ್ನ ವಾರಕ್ಕೆರಡು ಸಲ ಓದಿದ್ದಾನೆ, ಮಂಗಳವಾರ ಶುಕ್ರವಾರ. ಅದರಲ್ಲೂ ಆ ಮೀಟರು ಕೆಟ್ಟು ನಿಂತು ಆರು ವರ್ಷ ಆಗಿತ್ತು."

ನಗು ಎರಡಲ್ಲ, ಮೂರು ಸಲ ಎದ್ದಿತು. ಮೂರನೆಯದು ಮುಚ್ಚಿದ ಕಿಟಕಿಗಳ ಹಿಂದಿನಿಂದ. ಮಾವ ಇಂಗು ತಿಂದ ಮಂಗನಂತೆ ನಿಂತ. ಕೆಟ್ಟ ಮೀಟರನ್ನು ಯಾಕೆ ಕಚೇರಿಗೆ ತಿಳಿಸಲಿಲ್ಲ ಎಂದು ಹಡಗಿನ ಒಬ್ಬ ಯಜಮಾನ ಕೇಳಿದ. ತಿಳಿಸಿದರೆ ಹೊಸದನ್ನು ಹೊರಗೋಡೆಗೆ ಹಾಕುತ್ತಾರೆ, ಆಮೇಲೆ ಒಳಗೆ ಹೋಗುವುದು ಹೇಗೆ ಎಂದು ಮಾವ ಪ್ರಾಮಾಣಿಕವಾಗಿ ಹೇಳಿದ. ಹಾಗಾದರೆ ಸೂಪಿಗೋಸ್ಕರವೋ ಅಕ್ಕನಿಗೋಸ್ಕರವೋ ಎಂದು ಇನ್ನೊಬ್ಬಳು ಹುಬ್ಬು ಕುಣಿಸಿದಳು. ಅಕ್ಕ ನಕ್ಕುಬಿಟ್ಟಳು. ಸೂಪಿಗೇ ಅಮ್ಮ, ಇವನು ನನ್ನ ಮುಖ ನೋಡಿದ್ದು ತಟ್ಟೆ ಖಾಲಿಯಾದ ಮೇಲೆ, ಇನ್ನೂ ಇದೆಯಾ ಅಂತ ಕೇಳೋಕೆ ಎಂದಳು.

ಆಗ ಗುಂಪಿನ ಹಿಂದಿನಿಂದ ಒಂದು ದನಿ ಬಂತು.

"ಆರಲ್ಲ, ಏಳು ವರ್ಷ. ನಾನು ಎರಡನೇ ಮಿಷನ್ ತಗೊಂಡ ವರ್ಷವೇ ಅದು ಕೆಟ್ಟಿದ್ದು. ಇವರೇ ಹೇಳಿದ್ರು."

ಮಾವ ತಿರುಗಿ ನೋಡಿದ. ಹೆಂಡತಿ ಕನ್ನಡಕ ತೆಗೆದಿದ್ದಳು. ಹಳೆಯ ಅಭ್ಯಾಸಕ್ಕೆ ಅವನ ಕೈಯಲ್ಲಿದ್ದ ಟಾರ್ಚು ಹಗಲು ಬೆಳಕಿನಲ್ಲೇ ಹೊತ್ತಿಕೊಂಡಿತು, ಎಲ್ಲಿ ಒತ್ತಿದನೋ ಅವನಿಗೇ ತಿಳಿಯಲಿಲ್ಲ. ಆಕೆ ಅವನನ್ನು ದಾಟಿ ಸೀದಾ ಹಿತ್ತಲಿಗೆ ಹೋಗಿ, ಪರಿಚಯವಿಲ್ಲದ ಅಕ್ಕನ ಕೈಯಿಂದ ಒಂದು ಬಟ್ಟಲು ಸೂಪು ಇಸಿದುಕೊಂಡು ನಿಂತಲ್ಲೇ ಕುಡಿದಳು. ಬಟ್ಟಲಿನ ತಳವನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದಳು. ಆಮೇಲೆ ಹೇಳಿದಳು:

"ಇದಕ್ಕಾದ್ರೆ ನಾನೂ ಮೀಟರ್ ಓದ್ತಿದ್ದೆ."

ಅಕ್ಕನ ಹಿತ್ತಲಿನಲ್ಲೇ ಪಂಚಾಯಿತಿ ನಡೆಯಿತು. ಡಾಕ್ಟರೂ ಮೇಷ್ಟ್ರೂ ಇಳಿದು ಬಂದರು. ಇನ್ನು ಮೇಲೆ ಮಾವ ತನ್ನೊಬ್ಬನ ವಿಷಯ ಮಾತ್ರ ಹೇಳಬೇಕು, ಅವರವರ ಮನೆಯ ಕಥೆಯನ್ನು ಅವರವರೇ ಬಾಗಿಲಲ್ಲಿ ನಿಂತು ಹೇಳುತ್ತಾರೆ ಎಂದು ತೀರ್ಮಾನವಾಯಿತು. ಇದರಿಂದ ಸತ್ಯಕ್ಕೆ ಬಹಳ ಹಾನಿಯಾಯಿತು. ಡಾಕ್ಟರು ಒಬ್ಬ ರಾಜಕುಮಾರಿಯ ಬುದ್ಧಿಹಲ್ಲು ಕಿತ್ತ ಕಥೆ ಕಟ್ಟಿದರು, ಕೊನೆಗೆ ಎಲ್ಲರಿಗೂ ಐಸ್‌ಕ್ರೀಮು ಕೊಟ್ಟು ನಂಬಿಸಿದರು. ಮೇಷ್ಟ್ರು ಹಾಡಲು ಶುರುಮಾಡಿದ್ದರಿಂದ ಟೇಪು ಎಷ್ಟು ಒಳ್ಳೆಯದಿತ್ತು ಎಂದು ಊರಿಗೆ ಅರ್ಥವಾಯಿತು.

ಆದರೆ ಅದು ಆಮೇಲಿನ ಮಾತು. ಆ ಸಂಜೆ ಹಡಗಿನವರನ್ನು ಅಡ್ಡಾಡಿಸಲು ಮಾವ ಕಡಲಿಗೆ ಚಾಚಿದ ಕಲ್ಲುಗೋಡೆಯ ಮೇಲೆ ಕರೆದೊಯ್ದ. ಊಟ ಕರಗಿಸಲು ಅದಕ್ಕಿಂತ ಒಳ್ಳೆಯ ದಾರಿ ಆ ಊರಲ್ಲಿ ಇರಲಿಲ್ಲ. ಒಂದು ಪಕ್ಕ ದೋಣಿ, ಇನ್ನೊಂದು ಪಕ್ಕ ನೀರು, ಮನೆಯಿಲ್ಲ, ಮೀಟರಿಲ್ಲ. ಹಾಗಾಗಿ ಅಲ್ಲಿ ಅವನಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಜನ ಮುಂದೆ ಹೋದರು, ಗಂಡಹೆಂಡತಿ ಹಿಂದುಳಿದರು. ಹೊತ್ತು ಮುಳುಗುತ್ತಿತ್ತು. ತಪ್ಪಾಯ್ತು ಕಣೇ ಎಂದು ಶುರುಮಾಡಿದ. ಆಕೆ ಕೈಯೆತ್ತಿ ತಡೆದಳು.

"ಒಂದು ದಿನ, ಒಂದೇ ಒಂದು ದಿನ, ಚೆನ್ನಾಗಿಲ್ಲ ಅಂದಿದ್ರೆ ಅವತ್ತೇ ಸೌಟು ಕೆಳಗಿಡ್ತಿದ್ದೆ. ನಂಗೆ ಒಲೆ ಮುಂದೆ ನಿಂತ್ರೆ ತಲೆ ಚಿಟ್ಟು ಹಿಡಿಯುತ್ತೆ. ನೀವು ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಿ. ಪಾಪ, ಇಷ್ಟಪಟ್ಟು ತಿಂತಾರಲ್ಲ ಅಂತ ಮಾಡ್ತಾ ಬಂದೆ."

ಮಾವ ಕಲ್ಲಿನ ಮೇಲೆ ಕೂತುಬಿಟ್ಟ. ಅವಳಿಗೆ ನೋವಾಗಬಾರದೆಂದು ಇವನು ಸುಳ್ಳು ಹೇಳಿದ್ದ, ಇವನಿಗೆ ನೋವಾಗಬಾರದೆಂದು ಅವಳು ಬೇಯಿಸಿದ್ದಳು. ಒಬ್ಬರ ಮೇಲೊಬ್ಬರಿಗಿದ್ದ ದಯೆಯಿಂದ ಇಬ್ಬರೂ ಮೂವತ್ತೆಂಟು ವರ್ಷ ಕೆಟ್ಟ ಅನ್ನ ಉಂಡಿದ್ದರು. ಅವನಿಗೆ ಅಳು ಬರುವುದೋ ನಗು ಬರುವುದೋ ಎಂದು ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು, ಅವಳು ನಗತೊಡಗಿದಳು. ಮುಂದೆ ಹೋಗಿದ್ದ ಹಡಗಿನವರು ಯಾರೋ ನೀರಿಗೆ ಬಿದ್ದರೆಂದು ಗಾಬರಿಯಾಗಿ ಓಡಿಬಂದರು.

ಮರುದಿನದಿಂದ ಆಕೆ ಅಡುಗೆಮನೆಗೆ ಕಾಲಿಡಲಿಲ್ಲ. ಹತ್ತಾರು ಅಡುಗೆಮನೆ ಕಂಡವನಿಗೆ ಒಂದು ಸೂಪು ಮಾಡಲು ಬಾರದೇ ಎಂದುಕೊಂಡು ಮಾವ ಒಲೆಯ ಮುಂದೆ ನಿಂತ. ಎರಡು ಗಂಟೆ ಬೆವರಿ, ಒಂದು ಪಾತ್ರೆಯ ತಳ ಸುಟ್ಟು, ಹೊಲಿಗೆ ಮಿಷನ್ನಿನ ಹತ್ತಿರಕ್ಕೇ ಬಟ್ಟಲು ತಂದುಕೊಟ್ಟ. ಆಕೆ ಚಮಚ ಬಾಯಿಗಿಟ್ಟು, ಕಣ್ಣೆತ್ತದೆ, ಚೆನ್ನಾಗಿಲ್ಲ ಎಂದಳು. ಬಟ್ಟಲು ಪಕ್ಕಕ್ಕಿಟ್ಟು ಹೊಲಿಗೆ ಮುಂದುವರಿಸಿದಳು. ಮಾವ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಸೌಟು ತೆಗೆದುಕೊಂಡು, ಬೇಕರಿ ಅಕ್ಕ ಉಪ್ಪು ಹಾಕುವುದು ಮೊದಲೋ ಕೊನೆಗೋ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಅಷ್ಟು ವರ್ಷ ಅವನು ಪಾತ್ರೆಯೊಳಗಿನದನ್ನು ನೋಡಿದ್ದನೇ ಹೊರತು ಅದನ್ನು ಮಾಡುವ ಕೈಯನ್ನು ಒಂದು ದಿನವೂ ನೋಡಿರಲಿಲ್ಲ. ಟಾರ್ಚು ಮನೆಯಲ್ಲೇ ಬಿಟ್ಟು, ಕೇಳಿಕೊಂಡು ಬರಲು ಮೆಟ್ಟಿಲು ಹತ್ತಿದ.