ಯಂತ್ರದ ಆಯುಷ್ಯ ಹೇಳುತ್ತಿದ್ದ ಇಂಜಿನಿಯರಮ್ಮ

ಬೆವರಿಗೆ ಅವರ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಬೆರಳಿಗೆಲ್ಲ ಮಸಿ ಹತ್ತಿರುತ್ತಿದ್ದುದರಿಂದ ಮುಂಗೈಯಿಂದ ಅದನ್ನು ಮೇಲಕ್ಕೆ ತಳ್ಳುತ್ತಿದ್ದರು. ಮಾನ್ವಿಯ ಮೇಷ್ಟ್ರ ಮನೆತನದ ಹೆಣ್ಣುಮಗಳು. ರಾಯಚೂರಿನಿಂದ ಬಸ್ಸು ಹಿಡಿದು, ದೇವದುರ್ಗದ ಹತ್ತಿರ ನಾನು ಕಾವಲಿದ್ದ ಸಣ್ಣ ಆಸ್ಪತ್ರೆಗೆ ಬರುತ್ತಿದ್ದರು. ನಾನು ಅವರನ್ನು ಇಂಜಿನಿಯರಮ್ಮ ಅನ್ನುತ್ತಿದ್ದೆ.

ಆಸ್ಪತ್ರೆಯ ಹಿತ್ತಲಲ್ಲಿ ಫ್ಯೂಯೆಲ್ ಸೆಲ್ ಇತ್ತು. ಕರೆಂಟ್ ಹೋದಾಗ ಹೈಡ್ರೋಜನ್ನಿನಿಂದ ಕರೆಂಟ್ ಮಾಡಿ ಆಕ್ಸಿಜನ್ ಯಂತ್ರ ನಡೆಸುವ ಪೆಟ್ಟಿಗೆ. ಅದರ ಬಿಸಿ, ಅದರ ಶಕ್ತಿ ಎಲ್ಲವೂ ತಂತಿಯ ಮೂಲಕ ಅವರ ಕಂಪ್ಯೂಟರಿಗೆ ಹೋಗುತ್ತಿತ್ತು. ಹಳೆಯ ಪೆಟ್ಟಿಗೆಗಳು ಹೇಗೆ ಸವೆದವೆಂದು ಕಲಿತಿದ್ದ ಆ ಕಂಪ್ಯೂಟರು, ಇದು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುತ್ತಿತ್ತು. ಕೆಡುವ ಮುಂಚೆಯೇ ರಿಪೇರಿ ಮಾಡುವುದು ಅವರ ಪದ್ಧತಿ.

“ನನ್ನ ಆಯುಷ್ಯನೂ ಹೇಳ್ತದೇನ್ರೀ?” ಎಂದು ಒಮ್ಮೆ ಕೇಳಿದೆ.

“ದಿನಕ್ಕ ಎಷ್ಟು ಬೀಡಿ ಅಂತ ಖರೇ ಹೇಳ್ರಿ ಕಾಕಾ, ಹೇಳ್ತದ. ನೀವು ಸುಳ್ಳು ಹೇಳಿದ್ರ ಅದೂ ಸುಳ್ಳು ಹೇಳ್ತದ.”

ಇಬ್ಬರೂ ನಕ್ಕೆವು.

ಫ್ಯಾನಿನ ಜಾಳಿಗೆಗೆ ಕಟ್ಟಿದ ಧೂಳು ತೆಗೆಯುವುದು ನನ್ನ ಕೆಲಸ; ತೆಗೆಯದಿದ್ದರೆ ಪೆಟ್ಟಿಗೆ ಬಿಸಿಯಾಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿ ಪೆಟ್ಟಿಗೆ ಶುರುವಾದರೆ ಸಾಕು, ಬಿಸಿ ಹೆಚ್ಚಾಯಿತೆಂದು ಕೂಗಿ ನನ್ನನ್ನು ಎಬ್ಬಿಸುತ್ತಿತ್ತು. ನೀರಿನ ಗಡಿಗೆಗೆ ಸುತ್ತುವ ಹಾಗೆ, ಬಿಸಿ ಅಳೆಯುವ ತಂತಿಯ ತುದಿಗೆ ಒದ್ದೆ ಗೋಣಿತಟ್ಟು ಸುತ್ತಿದೆ. ಕೂಗು ನಿಂತಿತು. ನಿದ್ದೆ ಬಂತು. ಅವರು ಬರುವ ದಿನ ಮಾತ್ರ ಬಿಚ್ಚಿಡುತ್ತಿದ್ದೆ. ಪೆಟ್ಟಿಗೆ ಒಳಗೊಳಗೇ ಬೇಯುತ್ತಿತ್ತು. ತಂಪಾಗಿದೆಯೆಂದು ನಂಬಿದ ಕಂಪ್ಯೂಟರು, ಮಳೆಗಾಲ ದಾಟುತ್ತದೆ ಎಂದಿತು.

ದಾಟಲಿಲ್ಲ. ಒಂದು ಮಧ್ಯಾಹ್ನ ಬಿರುಗಾಳಿಗೆ ಕಂಬ ಬಿತ್ತು. ಪೆಟ್ಟಿಗೆ ಒಮ್ಮೆ ಗುರುಗುಟ್ಟಿ ನಿಂತುಬಿಟ್ಟಿತು. ಆಕ್ಸಿಜನ್ ಮೇಲಿದ್ದ ಸಿರವಾರದ ಹೆಣ್ಣುಮಗಳೊಬ್ಬಳ ಕೂಸು, ಬೇರೆ ಕಡೆಯಿಂದ ಸಿಲಿಂಡರ್ ತರುವಷ್ಟರಲ್ಲಿ ತೀರಿಕೊಂಡಿತು.

ವಿಚಾರಣೆಯಲ್ಲಿ ಇಂಜಿನಿಯರಮ್ಮ, “ಲೆಕ್ಕ ನಂದು, ತಪ್ಪೂ ನಂದ” ಎಂದರು. ಅವರ ಕೆಲಸ ಹೋಯಿತು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಗೋಣಿತಟ್ಟನ್ನು ಅದಾಗಲೇ ಒಲೆಗೆ ಹಾಕಿದ್ದೆ.

ಎಷ್ಟೋ ತಿಂಗಳ ಮೇಲೆ ಮಾನ್ವಿಗೆ ಹೋಗಿ ಅವರೆದುರು ಎಲ್ಲ ಹೇಳಿದೆ. ಅವರು, “ತಂತಿಗಷ್ಟ ಸುತ್ತಿದ್ರೋ, ಪೆಟ್ಟಿಗಿಗೂ ಸುತ್ತಿದ್ರೋ?” ಎಂದು ಕೇಳಿ, ಅಂಥದೇ ಪೆಟ್ಟಿಗೆಯಿದ್ದ ಇನ್ನೊಂದು ಆಸ್ಪತ್ರೆಗೆ ಅಲ್ಲಿಂದಲೇ ಫೋನು ಮಾಡಿದರು. “ಕಂಪ್ಯೂಟರ್ ಏನರ ಹೇಳ್ಲಿ, ಮೊದ್ಲ ತಂತಿ ಹತ್ರ ಹೋಗಿ ಕಣ್ಣಿಲೆ ನೋಡ್ರಿ.” ಫೋನು ಇಟ್ಟು ನನ್ನತ್ತ ತಿರುಗಿದರು.

“ನನಗ ಹೇಳಿದ್ರಿ, ಆತು. ಆ ಕೂಸಿನ ಯವ್ವಗ ಹೇಳಿಲ್ಲಲ್ಲ ಕಾಕಾ. ನಡೀರಿ, ನಾನೂ ಬರ್ತೀನಿ.”

ಕ್ಷಮೆ ಕೇಳಲು ಅವರು ಮೊದಲೇ ಒಮ್ಮೆ ಆ ಮನೆಗೆ ಹೋಗಿದ್ದರಂತೆ. ಈಗ ಇಬ್ಬರೂ ಸಿರವಾರಕ್ಕೆ ಹೋದೆವು. ಬಾಗಿಲು ತೆರೆದ ತಾಯಿ ಅವರನ್ನು ಕಂಡು, “ಮತ್ಯಾಕ ಬಂದಿ? ನನ್ನ ಕೂಸು ತಿಂದದ್ದು ಸಾಲಲಿಲ್ಲೇನು?” ಎಂದಳು. ನನಗೆ ಮಾತು ಹೊರಡುವವರೆಗೂ ಇಂಜಿನಿಯರಮ್ಮ ತಲೆ ತಗ್ಗಿಸಿ ಬೈಸಿಕೊಂಡರು.

ನಾನು ಹೇಳಿ ಮುಗಿಸಿದಾಗ ತಾಯಿ ಕದ ಹಾಕಿಕೊಂಡಳು. ಒಳಗಿನ ಅಳು ಬೀದಿಗೆ ಕೇಳುತ್ತಿತ್ತು. ಬಸ್ ನಿಲ್ದಾಣದ ತನಕ ಇಂಜಿನಿಯರಮ್ಮ ನನ್ನ ಪಕ್ಕದಲ್ಲೇ ನಡೆದರು. ಹಾಗೆ ನಡೆಯಲು ಅವರಿಗೆ ಯಾವ ಕಾರಣವೂ ಇರಲಿಲ್ಲ.