ನಾಲ್ಕು ಬೆರಳು ಆಳ

ಮೊದಲು ಗೊತ್ತಾಗಿದ್ದು ನೋವಲ್ಲ, ಉಸಿರು. ಒಳಗೆಳೆದುಕೊಂಡೆ, ಅರ್ಧಕ್ಕೇ ನಿಂತಿತು. ಮತ್ತೆ ಎಳೆದೆ. ಮತ್ತೆ ಅರ್ಧ. ಕಣ್ಣು ಬಿಟ್ಟರೆ ಮುಖದ ಪಕ್ಕದಲ್ಲೇ ಒಣಗಿದ ತೆಂಗಿನಕಾಯಿಗಳು. ಬೆಳಿಗ್ಗೆ ಬಿಸಿನೀರು ಹುಯ್ದುಕೊಂಡಿದ್ದು, ರೊಟ್ಟಿ ತಿಂದಿದ್ದು ನೆನಪಿತ್ತು. ಅದರ ಮುಂದಿನದು ಏನೂ ಇರಲಿಲ್ಲ.

ಇವತ್ತಿಗೂ ಇಲ್ಲ.

ಇದಾಗಿ ಮೂರು ತಿಂಗಳಾಯಿತು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ನನ್ನದು, ಅರ್ಧ ಬೇರೆಯವರು ಹೇಳಿದ್ದು. ಯಾವುದು ಯಾವುದೆಂದು ವಿಂಗಡಿಸಲು ಹೋಗಿ ಸೋತಿದ್ದೇನೆ.

ನನ್ನ ಹೆಂಡತಿ ಸಾಕಮ್ಮ ಗಾಯಕ್ಕೆ ಹಿಡಿಗಟ್ಟಲೆ ಕಾಫಿಪುಡಿ ಮೆತ್ತಿ ಪಂಚೆ ಹರಿದು ಕಟ್ಟಿದಳಂತೆ. ತಮ್ಮ ರಾಜಣ್ಣ ದಂಡಿನಶಿವರದವರೆಗೆ ಓಡಿ, ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೊರಟಿದ್ದ ಲಾರಿಯನ್ನು ನಿಲ್ಲಿಸಿ ಕರೆತಂದನಂತೆ. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಪಂಚೆ ಬಿಚ್ಚಿದ್ದು ಮಾತ್ರ ನನಗೇ ನೆನಪಿದೆ.

"ಇದೇನಮ್ಮ ಎದೆಯೋ, ಕಾಫಿಪುಡಿ ಡಬ್ಬಿಯೋ?" ಎಂದು ಗೊಣಗುತ್ತ ಸ್ಪಿರಿಟ್ಟಿನಲ್ಲಿ ಒರೆಸಿದರು. ಬಲಗಡೆ, ಎದೆಯ ಕೆಳಭಾಗದಲ್ಲಿ ಗಾಯ. ಆಮೇಲೆ ಕೇಸ್ ಶೀಟ್ ತೆಗೆದುಕೊಂಡು ಕೇಳಿದರು, "ಏನು ಚುಚ್ಚಿದ್ದು?"

"ಹೋರಿ ತಿವೀತು ಸಾರ್," ಎಂದ ರಾಜಣ್ಣ.

ಹೋರಿ ಎಂದ ಕೂಡಲೇ ನನಗೂ ಹೋರಿ ಕಂಡಿತು. ನಮ್ಮ ಕರಿಯ. ತಲೆ ತಗ್ಗಿಸಿ ಬರುತ್ತಿದೆ, ಅದರ ಬಿಸಿ ಉಸಿರು ನನ್ನ ಮುಖಕ್ಕೆ ಬಡಿಯುತ್ತಿದೆ. ಪಾಪದ ಪ್ರಾಣಿ. ಮಕ್ಕಳು ಕೊಂಬು ಹಿಡಿದು ಜೋತಾಡಿದರೂ ಸುಮ್ಮನಿರುವಂಥದ್ದು ನನ್ನನ್ನೇಕೆ ತಿವಿಯಿತು? ಮಲಗಿದಲ್ಲೇ ಅದರ ಮೇಲೆ ಮುನಿಸಿಕೊಂಡೆ.

ಡಾಕ್ಟರಿಗೆ ಸಮಾಧಾನವಾಗಲಿಲ್ಲ. "ಕೊಂಬು ತಿವಿದ್ರೆ ಹರಿದಿರುತ್ತೆ ಕಣ್ರೀ. ಇದು ಬಟನ್ ಗಾತ್ರದ ತೂತು," ಎಂದರು. ಆದರೂ ಬರೆದುಕೊಂಡರು. ನನ್ನ ಇಂಗ್ಲಿಷ್ ಏಳನೇ ಕ್ಲಾಸಿನದು. ಬುಲ್ ಎಂಬ ಪದ ಓದಲು ಅಷ್ಟು ಸಾಕು. ಅದರ ಪಕ್ಕ ಒಂದು ಪ್ರಶ್ನೆ ಗುರುತು ಹಾಕಿದ್ದರು. ಎಕ್ಸ್‌ರೇ ತೆಗೆದರು. ಪಕ್ಕೆಲುಬು ಮುರಿದಿರಲಿಲ್ಲ, ಆಗಿನ್ನೂ ಒಳಗೆ ಅಂಥದ್ದೇನೂ ಕಾಣಲಿಲ್ಲವಂತೆ. ಟಿಟಿ ಇಂಜೆಕ್ಷನ್ ಕೊಟ್ಟು ವಾರ್ಡಿಗೆ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಉಸಿರು ಕಾಲಾಯಿತು.

ತುಟಿ ನೀಲಿಗಟ್ಟಿತ್ತಂತೆ. ಡಾಕ್ಟರು ಎದೆಯ ಮೇಲೆ ಬೆರಳಿಟ್ಟು ತಟ್ಟಿ ತಟ್ಟಿ ನೋಡಿದರು. ಹೊಟ್ಟೆ ಒತ್ತಿದರು. ನಾನು ಕೂಗಿಕೊಂಡೆ, ಎಲ್ಲಿ ನೋವೆಂದು ಮಾತ್ರ ಹೇಳಲಾಗಲಿಲ್ಲ. ಅವರು ರಾಜಣ್ಣನ ಕಡೆ ತಿರುಗಿದರು.

"ಸರಿಯಾಗಿ ಹೇಳಿ. ಒಳಗೆ ಹೋಗಿದ್ದು ಮೇಲಕ್ಕೋ, ಕೆಳಕ್ಕೋ? ಮೇಲಕ್ಕೆ ಹೋಗಿದ್ರೆ ಶ್ವಾಸಕೋಶ, ಇಲ್ಲೇ ಟ್ಯೂಬ್ ಹಾಕ್ತೀನಿ. ಕೆಳಕ್ಕೆ ಹೋಗಿದ್ರೆ ಲಿವರ್, ಹೊಟ್ಟೆ ಕೊಯ್ಯಬೇಕು, ಬೆಂಗಳೂರಿಗೆ ಕಳಿಸಬೇಕು. ಈ ಉಸಿರಿನಲ್ಲಿ ಅಲ್ಲಿಗೆ ಮುಟ್ಟೋದು ಕಷ್ಟ. ಹೋರಿ ತಲೆ ಹೆಂಗಿತ್ತು?"

ರಾಜಣ್ಣ ತನ್ನ ತಲೆಯನ್ನೇ ಬಗ್ಗಿಸಿ ತೋರಿಸಿದ. ಆಮೇಲೆ ಎತ್ತಿ ತೋರಿಸಿದ. "ಹಿಂಗೇ ಸಾರ್... ಇಲ್ಲ, ಹಿಂಗೆ."

"ಹೋರಿ ಅಲ್ಲ ಸ್ವಾಮಿ," ಎಂದಳು ಸಾಕಮ್ಮ.

"ಅತ್ತಿಗೆ, ಸುಮ್ಕಿರಿ!"

"ನೀನು ಸುಮ್ಕಿರು ರಾಜಣ್ಣ. ಕಾಯಿ ಸುಲಿಯೋ ಕಬ್ಬಿಣ ಸ್ವಾಮಿ. ಅಟ್ಟದಿಂದ ಕಾಯಿ ಇಳಿಸ್ತಿದ್ರು. ಏಣಿ ಜಾರಿ ಅದ್ರ ಮ್ಯಾಕೇ ಬಿದ್ರು. ಕಬ್ಬಿಣ ಅಂದ್ರೆ ಪೊಲೀಸ್ ಬತ್ತಾರೆ, ಅಣ್ತಮ್ಮ ಬಡದಾಡಿದ್ರಾ ಅಂತಾರೆ ಅಂದ ಇವ್ನು. ನಾನೂ ಹೂಂ ಅಂದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ನಾನು ಹೂಂ ಅಂದಿದ್ದು ಪೊಲೀಸ್ ಭಯಕ್ಕಲ್ಲ. ಅದ್ರ ಮೊನೆಗಿದ್ದ ಮಟ್ಟೆ ಕಿತ್ಕಂಡೋಗಿದ್ದು ನಾನು."

ನಮ್ಮ ಕಡೆ ಕಾಯಿ ಸುಲಿಯುವವನು ಎದ್ದುಹೋಗುವಾಗ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಯಾರಿಗೂ ತಾಗದಿರಲೆಂದು ಸುಲಿದ ಸಿಪ್ಪೆಯ ಒಂದು ಮಟ್ಟೆ ಅದಕ್ಕೆ ಚುಚ್ಚಿಯೇ ಹೋಗುತ್ತಾನೆ. ಕಲಿಸಿಕೊಟ್ಟು ಬಂದದ್ದಲ್ಲ, ಚಪ್ಪಲಿ ಬಾಗಿಲಲ್ಲಿ ಬಿಡುವಷ್ಟೇ ಅಭ್ಯಾಸ. ಹಿಂದಿನ ದಿನ ನಾನೇ ಚುಚ್ಚಿದ್ದೆ. ಬೆಳಿಗ್ಗೆ ಮಿಕ್ಕ ಮಟ್ಟೆಯೆಲ್ಲ ಇಬ್ಬನಿಗೆ ತೊಯ್ದಿತ್ತು. ಸೂರಿನ ಕೆಳಗಿದ್ದ ಅದೊಂದೇ ಒಣಗಿತ್ತು. ಸಾಕಮ್ಮ ಅದನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದಳು. ಆ ನೀರಿನಲ್ಲೇ ನಾನು ಸ್ನಾನ ಮಾಡಿದ್ದು.

ಡಾಕ್ಟರು ಬೈಯಲಿಲ್ಲ. "ಕಬ್ಬಿಣ ನೆಟ್ಟಗಿತ್ತಾ, ವಾಲಿತ್ತಾ?"

"ಇವ್ರ ತಲೆ ಕಡೀಕೆ ವಾಲ್ಕಂಡಿತ್ತು."

"ಎಷ್ಟು ಒಳಗೆ ಹೋಗಿತ್ತು, ಗೊತ್ತಾ?"

ಸಾಕಮ್ಮ ಬಲಗೈಯ ನಾಲ್ಕು ಬೆರಳು ಜೋಡಿಸಿ ಮುಂದೆ ಹಿಡಿದಳು. "ಇಷ್ಟು. ಇಷ್ಟುದ್ದ ರಕ್ತ ಹತ್ತಿತ್ತು. ಯಾರಿಗೂ ಕಾಣ್ದಂಗೆ ನಾನೇ ತೊಳ್ದೆ." ಡಾಕ್ಟರು ನೋಡಿ ಮುಗಿಸುವವರೆಗೂ ಆ ಬೆರಳು ಬಿಡಿಯಾಗಲಿಲ್ಲ. ಕೆಳಗೆ ಕಾಯಿರಾಶಿ ಇಲ್ಲದಿದ್ದರೆ ಇನ್ನೂ ಹೋಗುತ್ತಿತ್ತೆಂದು ಆಮೇಲೆ ರಾಜಣ್ಣ ಹೇಳಿದ.

ಡಾಕ್ಟರು ಬುಲ್ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ, ಹೊಸದಾಗಿ ಎರಡು ಸಾಲು ಬರೆದರು. "ಹಂಗಾದ್ರೆ ಮೇಲಕ್ಕೇ ಹೋಗಿದೆ," ಎಂದು ಬರೆಯುತ್ತಲೇ ನರ್ಸಿಗೆ ಟ್ಯೂಬ್ ತರಲು ಹೇಳಿದರು. ಪಕ್ಕೆಯಲ್ಲಿ ತೂತು ಮಾಡಿ ರಬ್ಬರ್ ಟ್ಯೂಬ್ ತೂರಿಸಿ, ಅದರ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ಗಾಜಿನ ಬಾಟಲಿಯ ನೀರಿನಲ್ಲಿ ಮುಳುಗಿಸಿದರು. ಬುಳಬುಳ ಎಂದು ಗುಳ್ಳೆ ಎದ್ದವು. ಅದು ನನ್ನೊಳಗೆ ಸೇರಿಕೊಂಡಿದ್ದ ಗಾಳಿ ಎಂದರು. ಬೇಡದ ಗಾಳಿ ಹೋದಂತೆ ಬೇಕಾದದ್ದು ಬಂತು.

ಒಂಬತ್ತು ದಿನ ಆ ಬಾಟಲಿಯ ಜೊತೆ ಸಂಸಾರ ಮಾಡಿದೆ. ಪೊಲೀಸಿನವರು ಒಮ್ಮೆ ಬಂದು ಕೇಳಿ ಬರೆದುಕೊಂಡು ಹೋದರು, ಅಷ್ಟೇ. ಸಾಕಮ್ಮ ಗಂಜಿ ಕುಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ದಿನ ನಾನೇ ಕೇಳಿದೆ.

"ನನ್ನ ತಿವಿದಿದ್ದು ಕರಿಯ ಅಲ್ವೇನೇ?"

"ಅಲ್ಲ ಅಂದ್ನಲ್ಲ. ನಾನು."

"ನೀನೇನು ಕೊಂಬಿಟ್ಕಂಡಿದ್ದೀಯಾ? ಬುಡು ಅತ್ಲಾಗೆ."

ಅವಳು ನಗಲಿಲ್ಲ, ಅತ್ತಳು. ನನಗೆ ಸಿಟ್ಟು ಬರಬೇಕಿತ್ತೇನೋ. ಹುಡುಕಿದೆ, ಸಿಗಲಿಲ್ಲ. ಅವಳು ಸುಮ್ಮನಿದ್ದುಬಿಟ್ಟಿದ್ದರೆ ಅವಳ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೂ ಇರುತ್ತಿರಲಿಲ್ಲ.

ಡಿಸ್ಚಾರ್ಜ್ ಕಾಗದದಲ್ಲಿ ಕಬ್ಬಿಣದ ಮೊನೆ ಎಂದೇ ಇದೆ, ಮೇಷ್ಟರ ಹತ್ತಿರ ಓದಿಸಿದ್ದೇನೆ. ಆದರೂ ಊರಿಗೆ ಬಂದ ದಿನ ಕೊಟ್ಟಿಗೆಗೆ ಹೋದರೆ, ಕರಿಯ ಎಂದಿನಂತೆ ನೆಕ್ಕಲು ಕತ್ತು ಚಾಚಿತು. ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಹೋಯಿತು. ಏಣಿಯಿಂದ ಬಿದ್ದದ್ದು ನನಗೆ ನೆನಪಿಲ್ಲ. ಹೋರಿ ತಿವಿದದ್ದು ಕಣ್ಣಿಗೆ ಕಟ್ಟಿದಂತಿದೆ. ಏನು ಮಾಡಲಿ? ನನ್ನ ಕಣ್ಣಿಗಿಂತ ಆ ಕಾಗದವನ್ನೇ ನಂಬುವುದೆಂದು ತೀರ್ಮಾನಿಸಿ, ದಿನಾ ಕರಿಯನ ಕತ್ತಿನ ಕೆಳಗಿನ ಗಂಗೆದೊಗಲು ತುರಿಸಿ ಬರುತ್ತೇನೆ.

ಸಂಜೆ ಸುಲಿಯುವುದು ಮುಗಿದ ಮೇಲೆ ಮೊನೆಗೆ ಮಟ್ಟೆ ಚುಚ್ಚುವುದು ಈಗಲೂ ನಾನೇ. ಸಾಕಮ್ಮ ಒಳಗಿಂದ ಬಂದು ಅದನ್ನೊಮ್ಮೆ ಒತ್ತಿ ನೋಡಿ ಹೋಗುತ್ತಾಳೆ. ಅವಳು ಹೋದ ಮೇಲೆ ನಾನು ಅಲ್ಲೇ ನಿಂತು ಉಸಿರು ಎಳೆದು ನೋಡುತ್ತೇನೆ.

ಪೂರ್ತಿ ಬರುತ್ತದೆ.