ಎದೆಯ ಮೇಲಿನ ಗೇಣು ಜರಿ

ಹೋದ ವಾರ ಅಫಜಲಪುರ ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಗೆ ಫೋನ್ ರಿಪೇರಿಗೆಂದು ಹೋಗಿದ್ದೆ. ಅಂಗಡಿಯವನು ಕಾದ ಕಡ್ಡಿಯನ್ನು ಒಂದು ತಂತಿಗೆ ಮುಟ್ಟಿಸಿದ. ಸಣ್ಣಗೆ ಹೊಗೆ ಎದ್ದಿತು. ರಾಳ ಸುಟ್ಟ ವಾಸನೆ... ಹದಿನೈದು ಇಪ್ಪತ್ತು ವರ್ಷದ ಹಿಂದೆ ಅದು ದಿನಾ ನನ್ನ ಹೊಸ್ತಿಲಿಗೆ ಬರುತ್ತಿತ್ತು. ಗೋಡೆಗೆ ಗೋಡೆ ಹತ್ತಿ ರೇಡಿಯೋ ಭಾಯಿಯ ಅಂಗಡಿ.

ರೇಡಿಯೋ ತರುವವರು ನಿಂತು ಟಿವಿ ತರುವವರು ಬಂದರೂ ಓಣಿಗೆಲ್ಲ ಆತ ರೇಡಿಯೋ ಭಾಯಿಯೇ. ಮಾತು ಕಡಿಮೆ. ಕೈಯಲ್ಲಿ ಯಾವಾಗಲೂ ಎರಡು ಸೂಜಿಯ ಮೀಟರ್. ಕರೆಂಟು ಹರಿಯಲು ದಾರಿ ಇದ್ದರೆ ಅದು ಕುಂಯ್ ಎನ್ನುತ್ತಿತ್ತು, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದೆ. ಆತನ ಪಾಡಿಗೆ ಆತ, ನನ್ನ ಪಾಡಿಗೆ ನಾನು.

ಆತನ ಮಗಳು ಹೈಸ್ಕೂಲಿನಲ್ಲಿ ಕತ್ತಿವರಸೆ ಕಲಿಯುತ್ತಿದ್ದಳು. ಶಾಲೆಗೆ ಎಲ್ಲಿಂದಲೋ ಎರಡು ತೆಳುವಾದ ಹಳೆಯ ಕತ್ತಿ, ಮುಖಕ್ಕೆ ಹಾಕುವ ಎರಡು ಜಾಳಿ ಬಂದಿದ್ದವು. ಕತ್ತಿಯ ತುದಿ ಎದುರಿನವಳ ಮೈಗೆ ತಾಗಿದರೆ ಒಂದು ಅಂಕ. ತಾಗಿತು ಎಂದು ಒಬ್ಬಳು, ಇಲ್ಲ ಎಂದು ಇನ್ನೊಬ್ಬಳು. ಡ್ರಿಲ್ ಮಾಸ್ತರರ ಕಣ್ಣಿಗೆ ಯಾವುದೂ ನಿಲುಕುತ್ತಿರಲಿಲ್ಲ. ದಿನಾ ಜಗಳ.

ಭಾಯಿ ಒಂದು ಡಬ್ಬಿ ಮಾಡಿದ. ಬಿಸ್ಕೂಟಿನ ತಗಡಿನ ಡಬ್ಬಿ. ಒಳಗೆ ಬ್ಯಾಟರಿ, ಮೇಲೆ ಒಂದು ಕೆಂಪು ಬಲ್ಬು, ಒಂದು ಹಸಿರು ಬಲ್ಬು, ಒಬ್ಬೊಬ್ಬಳಿಗೆ ಒಂದೊಂದು. ಡಬ್ಬಿಯಿಂದ ಒಂದು ತಂತಿ ಹುಡುಗಿಯ ತೋಳಿನೊಳಗೆ ಹಾದು ಕತ್ತಿಗೆ ಹೋಗಬೇಕು, ಇನ್ನೊಂದು ಎದುರಿನವಳ ಅಂಗಿಗೆ. ತುದಿಯೊಂದನ್ನು ಬಿಟ್ಟು ಕತ್ತಿಗೆಲ್ಲ ಟೇಪು ಸುತ್ತಿದ. ಅಂಗಿಯ ಮೇಲೆ ಬೆಳ್ಳಿ ಜರಿ ಇರಬೇಕು. ತುದಿ ಜರಿಗೆ ಮುಟ್ಟಿದ ಕೂಡಲೇ ಬಲ್ಬು ಹೊತ್ತಬೇಕು. ಆ ಅಂಗಿಗಾಗಿ ನನ್ನ ಕಟ್ಟೆಗೆ ಬಂದ.

“ಅಕ್ಕಾರ, ಹಳೀ ಸೀರಿ ಜರೀನೇ ಬೇಕ್ರಿ. ಈಗಿಂದು ಬರೇ ಪ್ಲಾಸ್ಟಿಕ್. ಕರೆಂಟ್ ಹಿಡಿಯಂಗಿಲ್ಲ.”

“ಕತ್ತಿ ಆಡೋರಿಗಿ ಅಂಗಿ ಹೊಲ್ಯಾಕ ನಾ ಏನ್ ಅರಮನಿ ದರ್ಜಿ ಏನೋ ಭಾಯಿ?”

“ಅರಮನಿ ದರ್ಜಿಗಿ ಕೌದಿ ಹೊಲಿಗಿ ಎಲ್ಲಿ ಬರ್ತದ್ರಿ?”

ಒಪ್ಪಿಕೊಂಡೆ. ಓಣಿಯ ಹೆಂಗಸರು ಹರಿದ ಸೀರೆಗಳ ಅಂಚು ಕೊಟ್ಟರು. ಕೊರಳಿನ ಬೆಳ್ಳಿಯ ಲಿಂಗದಕಾಯಿ ಉಜ್ಜುವ ಹಾಗೆ ವಿಭೂತಿ ಹಾಕಿ ಉಜ್ಜಿದೆ, ಕಪ್ಪು ಬಿಟ್ಟು ಬೆಳ್ಳಗಾದವು. ಪಟ್ಟಿಗೆ ಪಟ್ಟಿ ತಾಗಿಸಿ ಒತ್ತಾಗಿ ಹೊಲಿದೆ. ಮೊದಲನೆಯ ಅಂಗಿ ಮುಗಿಯಿತು. ಎರಡನೆಯದು ಭಾಯಿಯ ಮಗಳದು. ಅದರ ಎದೆಗೆ ಒಂದು ಗೇಣು ಜರಿ ಕಡಿಮೆ ಬಿತ್ತು.

ಕಡಿಮೆ ಬಿದ್ದರೆ ನನ್ನ ಮದುವೆ ಸೀರೆಯ ಸೆರಗು ಕೊಡುತ್ತೇನೆ ಎಂದು ನಾನೇ ಹೇಳಿದ್ದೆ. ತೆಗೆದೆ. ಕತ್ತರಿ ಇಟ್ಟೆ, ಒತ್ತಲಿಲ್ಲ. ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಬಜಾರಿನಿಂದ ಹೊಸ ಜರಿ ತಂದು ಹೊಲಿದುಬಿಟ್ಟೆ. ಹಳೆಯದಕ್ಕಿಂತ ಚೆನ್ನಾಗಿ ಮಿಂಚಿತು. ಆತ ಹೇಳಿದ್ದು ನೆನಪಿರಲಿಲ್ಲ ಎಂದರೆ ಸುಳ್ಳು. ಒಂದು ಗೇಣು ತಾನೇ ಎಂದುಕೊಂಡೆ.

ಆಟದ ದಿನ ಬೆಳಿಗ್ಗೆ ಅಂಗಿ ಕೊಟ್ಟೆ. ಆತ ಭುಜದ ಮೇಲೆ ಸೂಜಿ ಇಟ್ಟ, ಮೀಟರ್ ಕುಂಯ್ ಎಂದಿತು. ಎದೆಯ ಕಡೆಗೆ ಹೊರಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಸಾಕು. ನಿಮ್ಮ ಹೊಲಿಗಿಗಿ ನಾ ಏನ್ ಪರೀಕ್ಷಾ ಮಾಡ್ಲಿ ಅಕ್ಕಾರ.”

ಅಂಗಿ ಮಡಿಚಿ ಆತನ ಕೈಗಿಟ್ಟೆ.

ಎದುರಿಗೆ ಮಣ್ಣೂರಿನ ಹುಡುಗಿ. ಗೆದ್ದವಳು ಕಲಬುರಗಿಗೆ ಹೋಗಬೇಕು. ಆ ಹುಡುಗಿ ಚುರುಕು. ನೇರವಾಗಿ ಎದೆಗೇ ಚುಚ್ಚುತ್ತಿದ್ದಳು. ಬಲ್ಬು ಹೊತ್ತಲಿಲ್ಲ. ಮತ್ತೆ ಚುಚ್ಚಿದಳು, ಹೊತ್ತಲಿಲ್ಲ. ಭಾಯಿಯ ಮಗಳು ಮುಟ್ಟಿದಾಗಲೆಲ್ಲ ಹೊತ್ತಿತು. ಗೆದ್ದಳು. ಆಗ ಮಣ್ಣೂರಿನ ಹುಡುಗಿಯ ಕಾಕಾ ಮೈದಾನಕ್ಕೆ ನುಗ್ಗಿ ಅವಳ ಕೈಯ ಕತ್ತಿ ಕಸಿದುಕೊಂಡ. ಗೆದ್ದವಳ ಭುಜಕ್ಕೆ ತುದಿ ಇಟ್ಟ. ಬಲ್ಬು ಹೊತ್ತಿತು. ಎದೆಗೆ ಇಟ್ಟ. ಇಲ್ಲ.

“ನೋಡ್ರಿ ಮಾಸ್ತರ! ಡಬ್ಬಿ ಅಪ್ಪಂದು, ಅಂಗಿ ಮಗಳದು. ಬಲ್ಬ್ ಹ್ಯಾಂಗ ಹತ್ತತದ್ರಿ?”

ಜನ ನಕ್ಕರು. ಕೆಲವರು ನಗಲಿಲ್ಲ, ಅದು ಇನ್ನೂ ಕೆಟ್ಟದ್ದು. ಭಾಯಿ ಬಂದು ಮಗಳ ಎದೆಯ ಮೇಲಿನ ಜರಿಯನ್ನು ಉಗುರಿನಿಂದ ಕೆರೆದ. ಹೊಳಪು ಎದ್ದು ಒಳಗಿನ ಬಿಳಿ ದಾರ ಕಂಡಿತು. ತಲೆ ಎತ್ತಿ ಗುಂಪಿನಲ್ಲಿದ್ದ ನನ್ನನ್ನು ಒಂದು ಸಲ ನೋಡಿದ. ಮಾಸ್ತರರ ಕಡೆಗೆ ತಿರುಗಿದ.

“ತಪ್ಪು ನಂದದ್ರಿ. ನಾ ನೋಡ್ಬೇಕಿತ್ತು. ಆ ಹುಡುಗಿಗೇ ಕಳಸ್ರಿ.”

ಮಗಳು ಮುಖದ ಜಾಳಿ ತೆಗೆಯದೆ ಮನೆಗೆ ಹೋದಳು. ನಾನು ಕೂತಲ್ಲೇ ಕೂತಿದ್ದೆ. ಎದ್ದು ನಾಲ್ಕು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಮರುದಿನ ಆತ, ಅಂಗಿ ಬಿಚ್ಚಿದರೆ ಹೊಲಿಯಲೆಂದು ನಾನು ಕೊಟ್ಟಿದ್ದ ದಾರದ ಉಂಡೆ ತಂದು ನನ್ನ ಕಟ್ಟೆಯ ಮೇಲಿಟ್ಟ.

“ಜರಿ ಕಮ್ಮಿ ಬಿತ್ತು ಅಂತ ಒಂದ್ ಮಾತ್ ಹೇಳಿದ್ರ ಸಾಕಿತ್ರಿ. ಡಬ್ಬಿ ಮುಚ್ಚಳದ ತಗಡ ಬಡದು ಎದಿಗಿ ಹಚ್ತಿದ್ದೆ.”

ಅಷ್ಟೇ. ಸಿಟ್ಟೂ ಇರಲಿಲ್ಲ. ಸೀರೆ ಬೇಕೇ ಇರಲಿಲ್ಲ, ಜರಿಯೂ ಬೇಕಿರಲಿಲ್ಲ...

ರಿಪೇರಿಗೆ ಕೊಟ್ಟ ಸಾಮಾನಿನ ಬಗ್ಗೆಯೂ ಜನ ಅಡ್ಡ ಮಾತಾಡತೊಡಗಿದರು. ಒಳಗೆ ಏನು ಬದಲಿಸಿದನೋ ಎಂದು ತಮ್ಮ ಎದುರಿಗೇ ಟಿವಿ ಬಿಚ್ಚಿ ತೋರಿಸಲು ಹೇಳುತ್ತಿದ್ದರು. ಬಿಚ್ಚಿ ತೋರಿಸುತ್ತಿದ್ದ. ಎರಡು ವರ್ಷ ತಡೆದ. ಆಮೇಲೆ ಅಂಗಡಿ ಮುಚ್ಚಿ ಹೆಂಡತಿಯ ತವರು ಜೇವರ್ಗಿಗೆ ಹೋದ. ಅಲ್ಲೇ ತೀರಿಕೊಂಡ ಎಂದು ಯಾರೋ ಬಸ್ಸಿನಲ್ಲಿ ಹೇಳಿದರು. ಮಗಳು ಮತ್ತೆ ಕತ್ತಿ ಹಿಡಿದಳೋ ಇಲ್ಲವೋ, ನಾನು ಕೇಳಲಿಲ್ಲ.

ಎರಡು ದಿನ ಬಿಟ್ಟು ಬರಲು ಮೊಬೈಲ್ ಅಂಗಡಿಯವನು ಹೇಳಿದ್ದ. ಹೋಗುವಾಗ ಆ ಮದುವೆ ಸೀರೆಯನ್ನೂ ತೆಗೆದುಕೊಂಡು ಹೋದೆ. ಉಟ್ಟಿದ್ದು ಮೂರೋ ನಾಲ್ಕೋ ಸಲ. ರೇಷ್ಮೆ ಮಡಿಕೆ ಮಡಿಕೆಗೆ ಸೀಳಿ ಹೋಗಿದೆ, ಜರಿ ಮಾತ್ರ ಗಟ್ಟಿ. ಸೆರಗಿಗೆ ಮೀಟರ್ ಇಡು ಎಂದೆ. ಸೂಜಿ ಇಟ್ಟ ಕೂಡಲೇ ಕುಂಯ್ ಎಂದಿತು.

“ಖರೇ ಬೆಳ್ಳಿ ಅದ ಬೇ ಆಯಿ. ಮಾರ್ತೀಯೇನು?”

“ಇಲ್ಲೋ. ಕುಂಯ್ ಅಂತ ಒದರ್ತದೋ ಇಲ್ಲೋ ನೋಡೋದಿತ್ತು.”

“ಈಗ ನೋಡಿದ್ಯಲ್ಲ?”

ನೋಡಿದೆ. ತೋರಿಸಬೇಕಾದವನು ಇಲ್ಲ. ಫೋನು, ಸೀರೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.